ಹೊಡೆದುಹಾಕಿದ ನಾಲ್ಕು ಗಂಟೆ

ಸೋದರತ್ತೆ ತೀರಿಕೊಂಡಾಗ ನಾವು ದೆಹಲಿಯಲ್ಲಿದ್ದೆವು. ಹುಬ್ಬಳ್ಳಿಯಲ್ಲಿ ಅಂತ್ಯಕ್ರಿಯೆ ಮೊದಲು ಸಂಜೆ 4ಕ್ಕೆಂದು ನಿಶ್ಚಯವಾಗಿ, ಆಮೇಲೆ ಬೆಳಿಗ್ಗೆ 11ಕ್ಕೆ ಬದಲಾಯಿತು. ಮನೆಮಂದಿಯ ವಾಟ್ಸಾಪ್ ಗುಂಪಿಗೆ ತಿಳಿಸುವ ಕೆಲಸ ನಮ್ಮದು. 'ಸಂಜೆ 4'ರ ಎರಡೂ ಬದಿಗೆ ~ ಹಾಕಿ, ಪಕ್ಕದಲ್ಲಿ 11 ಎಂದು ಬರೆದೆವು. ಪರದೆಯ ಮೇಲೆ ನೀಟಾಗಿ ಗೀಟು ಬಿತ್ತು. ಕಚೇರಿಯ ಟಿಪ್ಪಣಿ ಹಾಳೆಯಲ್ಲಿ ತಪ್ಪನ್ನು ಹೊಡೆದು ಪಕ್ಕದಲ್ಲಿ ಸಹಿ ಹಾಕಿ ರೂಢಿಯಾದ ಕೈ, ತೃಪ್ತಿಯಾಯಿತು.

ಧಾರವಾಡದಲ್ಲಿರುವ ಅಪ್ಪನ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಮಾತನಾಡಿದರೆ ಇಬ್ಬರೂ ಅಳುತ್ತೇವೆಂದು ಕರೆ ಮಾಡದೆ, ಅದೇ ಸಾಲನ್ನು ಎಸ್ಸೆಮ್ಮೆಸ್ ಕಳಿಸಿದೆವು. ಅಪ್ಪ 3 ಗಂಟೆಗೆ ಹುಬ್ಬಳ್ಳಿ ಮುಟ್ಟಿದಾಗ ಎಲ್ಲ ಮುಗಿದು ಅಂಗಳ ತೊಳೆದಿದ್ದರಂತೆ. ಒಡಹುಟ್ಟಿದ ಅಕ್ಕ.

"ಹೊಡದ ಹಾಕಿದ್ದಂದ್ರ ಗೀಟ ಇರಬೇಕಲ್ಲೋ ತಮ್ಮಾ, ಇದೇನೋ ಹುಳಾ ಹರದಂಗ ಐತಿ" ಎಂದರು.

ಹತ್ತನೆಯ ತರಗತಿಯ ನಮ್ಮ ಮಗನನ್ನು ಕೇಳಿದೆವು. ಸಂದೇಶದಲ್ಲಿ ಗೀಟು ಹೋಗುವುದೇ ಇಲ್ಲವಂತೆ. ಹೋಗುವುದು ~ ಮಾತ್ರ. ಅದನ್ನು ಬಿಡಿಸಿ ಗೀಟೆಳೆಯುವುದು ಓದುವ ಕಡೆಯ ತಂತ್ರಾಂಶದ ಕೆಲಸ. ವಾಟ್ಸಾಪ್ ಇದನ್ನು ಕಲಿತದ್ದು 2016ರಲ್ಲಿ: ಎರಡು * ನಡುವಿನದು ದಪ್ಪ, ಎರಡು _ ನಡುವಿನದು ಓರೆ. ಚಿಹ್ನೆ ಕಂಡರೆ ಅದರ ಜೋಡಿಯನ್ನು ಹುಡುಕುತ್ತದೆ. ಜೋಡಿ ಸಿಗದಿದ್ದರೆ, ಅಥವಾ ಚಿಹ್ನೆಗೂ ಅಕ್ಷರಕ್ಕೂ ನಡುವೆ ತೆರಪು ಬಿಟ್ಟಿದ್ದರೆ, ಚಿಹ್ನೆಯನ್ನು ಇದ್ದಂತೆಯೇ ತೋರಿಸುತ್ತದೆ. ಎಸ್ಸೆಮ್ಮೆಸ್ಸಿಗೆ ಈ ಒಪ್ಪಂದವೇ ಇಲ್ಲ.

ಓದುವವನು ಅತಿ ಜಾಣನಾದರೂ ಕಷ್ಟವೇ ಎಂದು ಅವನು ತನ್ನ ಮೈನ್‌ಕ್ರಾಫ್ಟ್ ಆಟದ ಮಾತು ತೆಗೆದ. ಅಲ್ಲಿ ಬರಹಕ್ಕೆ 16 ಬಣ್ಣ. § ಚಿಹ್ನೆಯ ಮುಂದೆ ಇಂಗ್ಲಿಷಿನ 'ಸಿ' ಬಂದರೆ ಕೆಂಪು, 'ಎ' ಬಂದರೆ ಹಸಿರು. (ಕೆಂಪು, ಹಸಿರು ಶಾಯಿ ಜಂಟಿ ಕಾರ್ಯದರ್ಶಿಗಳಿಗೂ ಅವರ ಮೇಲಿನವರಿಗೂ ಮಾತ್ರ, ಅದೂ ಅಪರೂಪಕ್ಕೆ, ಎಂದು ಕೈಪಿಡಿಯಲ್ಲಿ ಓದಿದವರು ನಾವು!) § ಕೀಲಿಮಣೆಯಲ್ಲಿ ಸುಲಭಕ್ಕೆ ಸಿಗದೆಂದು ಎಷ್ಟೋ ಕಡೆ & ಚಿಹ್ನೆಯನ್ನೇ ಬಳಸುತ್ತಾರೆ. ಆಗ ಯಾರಾದರೂ ಇಂಗ್ಲಿಷಿನಲ್ಲಿ 'ಆರ್&ಡಿ' ಎಂದು ಬರೆದರೆ '&ಡಿ' ತಿಳಿನೇರಳೆಯ ಸಂಕೇತವಾಗಿ ಮಾಯವಾಗುತ್ತದೆ; ಬರಿಯ 'ಆರ್' ಉಳಿಯುತ್ತದೆ. ಅಪ್ಪನಿಗೆ ಬೇಡದ ಚಿಹ್ನೆ ಉಳಿಯಿತು, ಇಲ್ಲಿ ಬೇಕಾದ ಅಕ್ಷರವೇ ಹೋಯಿತು.

ಈಗ ಅಪ್ಪನಿಗೆ ಏನಿದ್ದರೂ ಕರೆ ಮಾಡಿಯೇ ಹೇಳುತ್ತೇವೆ. ಆ ಎಸ್ಸೆಮ್ಮೆಸ್ಸನ್ನು ಅವರು ಅಳಿಸಿಲ್ಲ. ಕಳೆದ ದೀಪಾವಳಿಗೆ ಹೋದಾಗ ಕನ್ನಡಕ ಏರಿಸಿ ಅದನ್ನು ತೆರೆದು ತೋರಿಸಿದರು. "ಮುಂದ 11 ಅಂತ ಬರದೀಯಲ್ಲ. ನಾನಽ ಸರಿ ನೋಡಲಿಲ್ಲ ಬಿಡು" ಎಂದರು.