ಕಾರಿನ ಕೆಳಗೆ ಒಂದು ಶನಿವಾರ

ಮಜ್ದಾ ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು, "ಲಾರೀನಾ?" ನಮ್ಮ ದಾವಣಗೆರೆ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ, ಮೆಕ್ಕೆಜೋಳದ ಮೂಟೆ ಹೇರಿಕೊಂಡು ಹೋಗೋದು. ನಾನು ತಗೊಂಡಿದ್ದು ಎಂಎಕ್ಸ್-5. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, 1.8 ಲೀಟರ್ ಎಂಜಿನ್ನು, ತೂಕ ಒಂದು ಟನ್ನಿಗಿಂತ ಚೂರು ಜಾಸ್ತಿ. 1989ರ ಷಿಕಾಗೋ ಆಟೋ ಶೋನಲ್ಲಿ ಮೊದಲ ಸಲ ಜನರಿಗೆ ಕಾಣಿಸಿಕೊಂಡ ಕಾರಿದು. ನನ್ನದು ಎರಡನೇ ತಲೆಮಾರಿನ 2001ರ ಮಾಡೆಲ್ಲು. ವರ್ಷದಲ್ಲಿ ಅರ್ಧ ದಿನ ಮಳೆ ಹನಿಯುವ ಈ ಇಂಗ್ಲೆಂಡಿನಲ್ಲಿ ಜನ ಟಾಪ್ ತೆಗೆಯುವ ಕಾರಿಗೆ ಯಾಕೆ ಹೀಗೆ ಪ್ರಾಣ ಬಿಡ್ತಾರೋ ಗೊತ್ತಿಲ್ಲ, ಈಗ ನಾನೂ ಬಿಡ್ತೀನಿ.

ಅದರ ಸರ್ವಿಸ್ ನಾನೇ ಮಾಡ್ಕೋತೀನಿ ಅಂದಾಗ ಮಾತ್ರ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಇದಕ್ಕಾ ನಿನ್ನ ಇಂಜಿನಿಯರಿಂಗ್ ಓದ್ಸಿದ್ದು?" ಅಂದರು. ತಮಾಷೆ ಏನಪ್ಪಾ ಅಂದರೆ ನಾನು ಓದಿದ್ದು ಮೆಕ್ಯಾನಿಕಲ್. ನಾಲ್ಕು ವರ್ಷ ಆಟೋ ಸೈಕಲ್, ಡೀಸೆಲ್ ಸೈಕಲ್‌ಗಳ ಗ್ರಾಫ್ ಬರೆದೆ, ಒಂದೇ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲಿಲ್ಲ, ಕ್ಯಾಂಪಸ್ಸಿನಿಂದ ನೇರ ಸಾಫ್ಟ್‌ವೇರಿಗೆ ನಡೆದೆ. ನಮ್ಮಲ್ಲಿ ಬಹಳ ಜನರ ಕಥೆ ಇದೇ ತಾನೆ? ಮನೆಯಲ್ಲಿ ಎಲ್ಲ ರಿಪೇರಿಗೂ ಒಂದೇ ಕ್ರಿಯಾಪದ ಇತ್ತು: ಕರೆಸು. ನಲ್ಲಿ ಸೋರಿದರೆ ಕರೆಸು, ಫ್ಯಾನು ನಿಂತರೆ ಕರೆಸು. ಬಂದವನ ಕೈ ಗ್ರೀಸು ನಮ್ಮ ಬಾಗಿಲಿಗೆ ಹತ್ತದ ಹಾಗೆ ನೋಡ್ಕೋ ಅಂತ ನನಗೆ ಹೇಳೋರು. ಆ ಮಾತು ಈಗ ನೆನೆದರೆ ಹಿತವಾಗಿಲ್ಲ.

ಇಲ್ಲಿ ಗ್ಯಾರೇಜಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು. ಅದಕ್ಕೇ ಶುರು ಮಾಡಿದ್ದು, ನಿಜ. ಆದರೆ ಮುಂದುವರಿಸಿದ್ದು ಅದಕ್ಕಲ್ಲ.

ಮೇ ತಿಂಗಳ ಒಂದು ಶನಿವಾರ ಇದಕ್ಕೇ ಮೀಸಲು. ಕಾರನ್ನು ಜ್ಯಾಕ್‌ನಲ್ಲಿ ಎತ್ತಿ, ನಾಲ್ಕು ಆಕ್ಸಲ್ ಸ್ಟ್ಯಾಂಡಿನ ಮೇಲೆ ಇಳಿಸಿ, ಎರಡೂ ಕೈಯಲ್ಲಿ ಅಲುಗಾಡಿಸಿ ನೋಡ್ತೀನಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತೂರುವವರ ಧೈರ್ಯ ನನಗೆ ಬೇಡ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಆಯಿಲ್ ಬಿಟ್ಟರೆ ಸಲೀಸಾಗಿ ಇಳಿಯುತ್ತೆ. ನಾಲ್ಕು ಲೀಟರಿಗೆ ತುಸು ಕಡಿಮೆ. ಆಯಿಲ್ ಫಿಲ್ಟರ್ ಮಾತ್ರ ಯಾರೋ ಸೇಡಿಗೆ ಬಚ್ಚಿಟ್ಟ ಹಾಗೆ ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೂತಿದೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗುತ್ತೆ, ಬಿಚ್ಚಿದ ಕೂಡಲೇ ಕರಿ ಆಯಿಲ್ ಮೊಣಕೈವರೆಗೂ ಇಳಿಯುತ್ತೆ. ಪ್ಲಗ್ಗು, ಏರ್ ಫಿಲ್ಟರ್ ಎಲ್ಲ ಅರ್ಧ ಗಂಟೆ ಕೆಲಸ. ಬಿಚ್ಚಿದ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಂಜಿನ್ನಿನ ಹೊಟ್ಟೆ ಸರಿಯಾಗಿದೆ ಅಂತ ಅರ್ಥ. ವೈದ್ಯರು ನಾಲಿಗೆ ನೋಡ್ತಾರಲ್ಲ, ಹಾಗೆ.

ಬ್ರೇಕ್ ಎಣ್ಣೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಗಾಳಿಯಿಂದ ತೇವ ಹೀರ್ಕೊಳ್ಳುತ್ತೆ. ಹೊಸ ಡಾಟ್ 4 ಎಣ್ಣೆ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಉದ್ದನೆಯ ಇಳಿಜಾರಿನಲ್ಲಿ ಎಣ್ಣೆ ಕುದ್ದು ಆವಿಯಾದರೆ ಪೆಡಲ್ಲು ನೆಲ ಮುಟ್ಟುತ್ತೆ, ಕಾರು ನಿಲ್ಲಲ್ಲ. ಈ ಕೆಲಸಕ್ಕೆ ಇಬ್ಬರು ಬೇಕು. ನನ್ನ ಹೆಂಡತಿ ಒಳಗೆ ಕೂತಳು, ನಾನು ಚಕ್ರದ ಪಕ್ಕ ಮಲಗಿದೆ.

"ಒತ್ತು."

"ಒತ್ತಿದೆ."

"ಹಿಡ್ಕೋ." ನಿಪ್ಪಲ್ ಕಾಲು ಸುತ್ತು ಸಡಿಲಿಸಿದರೆ ಪೈಪಿನಲ್ಲಿ ಕಂದು ಎಣ್ಣೆ, ಗುಳ್ಳೆಗಳು. ಬಿಗಿ ಮಾಡಿ, "ಬಿಡು."

ನಾನು ಬಿಗಿ ಮಾಡೋ ಮುಂಚೆ ಅವಳು ಕಾಲು ಎತ್ತಿದರೆ ಗಾಳಿ ಒಳಗೆ ಹೋಗುತ್ತೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ನಾಲ್ಕಕ್ಕೂ ಹೀಗೇ. ಪಕ್ಕದ ಮನೆಯವರಿಗೆ ನಮ್ಮ ಕನ್ನಡ ಏನು ಕೇಳಿಸಿತೋ! ಮೂರನೇ ಚಕ್ರಕ್ಕೆ ಅವಳು ಕಿಟಕಿಯಿಂದ ತಲೆ ಹಾಕಿ, "ಆ ಇನ್ನೊಂದು ಸೀಟಲ್ಲಿ ಕೂರೋದು ನಾನೇ, ನೆನಪಿರಲಿ" ಅಂದಳು. ನೆನಪಿತ್ತು. ಆಫೀಸಿನಲ್ಲಿ ನನ್ನ ಕೋಡ್ ಕೆಟ್ಟರೆ ಸೋಮವಾರ ಸರಿ ಮಾಡಬಹುದು.

ಕಾರಿನ ಜೊತೆ ಬಂದ ಸರ್ವಿಸ್ ಪುಸ್ತಕದಲ್ಲಿ ಪ್ರತಿ ವರ್ಷದ ಸೀಲೂ ಚೆನ್ನಾಗಿ ಬಿದ್ದಿತ್ತು. ಈ ಕಾರಿನ ಟಾಪಿನ ಮೇಲೆ ಬಿದ್ದ ಮಳೆ ನೀರು ಸೀಟುಗಳ ಹಿಂದಿನ ಎರಡು ಕೊಳವೆಗಳಲ್ಲಿ ಇಳಿದು ಹೊರಗೆ ಹೋಗಬೇಕು. ಮೊದಲ ವರ್ಷ ಆ ಕೊಳವೆಗೆ ಮೆತ್ತನೆ ಪ್ಲಾಸ್ಟಿಕ್ ದಾರ ತೂರಿಸಿದರೆ ಕೊಳೆತ ಎಲೆಯ ಕೆಸರು ಹೊರಬಂತು, ಒಳ್ಳೆ ಗೊಬ್ಬರದ ಥರ. ಅದು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಲ್ಲುತ್ತೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಹೊರಗಿನಿಂದ, ನೀರು ಒಳಗಿನಿಂದ, ಎರಡೂ ಸೇರಿ ತಿನ್ನುತ್ತವೆ. ಎಂಎಕ್ಸ್-5ಗಳು ಎಂಜಿನ್ ಕೆಟ್ಟು ಸಾಯೋದು ಕಡಿಮೆ, ತುಕ್ಕು ಹಿಡಿದು ಸಾಯೋದೇ ಹೆಚ್ಚು. ಸೀಲು ಹಾಕಿದ ಮೆಕ್ಯಾನಿಕ್ಕನ್ನ ಬೈಯೋಕೆ ಮನಸ್ಸು ಬರಲ್ಲ. ಅವನ ಪಟ್ಟಿಯಲ್ಲಿ ಆಯಿಲ್ ಇತ್ತು, ಫಿಲ್ಟರ್ ಇತ್ತು, ಎಲೆ ಇರಲಿಲ್ಲ. ಒಂದು ಕಾರಿನ ಕೆಳಗೆ ಸುಮ್ಮನೆ ಟಾರ್ಚ್ ಹಿಡಿದು ಅರ್ಧ ಗಂಟೆ ಮಲಗೋಕೆ ಅವನಿಗೆ ಯಾರು ದುಡ್ಡು ಕೊಡ್ತಾರೆ?

ನಾನು ಮಲಗ್ತೀನಿ. ಈ ಸಲ ಹಾಗೆ ಮಲಗಿದ್ದಾಗ ಎಡಗಡೆ ಹಿಂದಿನ ಚಕ್ರದ ಮುಂದೆ ಬಣ್ಣ ಉಬ್ಬಿದ್ದು ಕಾಣಿಸಿತು, ಒಂದು ರೂಪಾಯಿ ನಾಣ್ಯದಷ್ಟು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ, ತುದಿಯಿಂದ ಒತ್ತಿದೆ. ತೂತಾಗಲಿಲ್ಲ. ಇಲ್ಲಿ ಮೂರು ವರ್ಷ ದಾಟಿದ ಕಾರಿಗೆಲ್ಲ ಪ್ರತಿ ವರ್ಷ ಎಂಓಟಿ ಪರೀಕ್ಷೆ ಇದೆ. ಸಸ್ಪೆನ್ಷನ್ನು, ಸೀಟ್ ಬೆಲ್ಟು ಕೂರುವ ಜಾಗದಿಂದ 30 ಸೆಂಟಿಮೀಟರಿನೊಳಗೆ ತುಕ್ಕು ಜೋರಾಗಿದ್ದರೆ ಕಾರು ಫೇಲು. ಸದ್ಯ ಉಜ್ಜಿ, ಪ್ರೈಮರ್ ಹಚ್ಚಿ, ಒಳಗೆ ಮೇಣ ಸ್ಪ್ರೇ ಮಾಡಿದೆ. ಮುಂದಿನ ವರ್ಷಕ್ಕೆ ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕಾಗಬಹುದು. ಅದು ನನ್ನ ಕೈಯಲ್ಲಾಗೋ ಕೆಲಸ ಅಲ್ಲ, ಬಲ್ಲವರ ಹತ್ತಿರವೇ ಹೋಗಬೇಕು. ಖರ್ಚು ಕಾರಿನ ಬೆಲೆಗೆ ಹತ್ತಿರ ಬಂದರೂ ಬರಬಹುದು. ಅದನ್ನ ಅವಳಿಗೆ ಅವತ್ತೇ ಹೇಳಿದೆ. "ನೋಡೋಣ" ಅಂದಳು, ಬೇಡ ಅನ್ನಲಿಲ್ಲ.

ಸಂಜೆ ಚಕ್ರದ ನಟ್ಟುಗಳನ್ನ ಟಾರ್ಕ್ ರೆಂಚಿನಲ್ಲಿ 110 ನ್ಯೂಟನ್ ಮೀಟರಿಗೆ ಬಿಗಿದು ಕಾರು ಕೆಳಗಿಳಿಸಿದೆ. ಬ್ರೇಕ್ ಪೆಡಲ್ಲು ಕಲ್ಲಿನ ಹಾಗೆ ಗಟ್ಟಿ. ನಮ್ಮ ಬೀದಿಯಲ್ಲೇ ನಡಿಗೆ ವೇಗದಲ್ಲಿ ಮೂರು ಸಲ ಒತ್ತಿ ನೋಡಿದೆ, ಮೂರು ಸಲವೂ ನಿಂತಿತು. ನಾಲ್ಕನೇ ಸುತ್ತಿಗೆ ಅವಳೂ ಬಂದು ಕೂತಳು.