ದರ ಕೇಳುವ ಮುಂಚೆ ಮಗುಚಿ ನೋಡಿ

ಇಂದಿರಾನಗರದ ಹಳೆ ಮನೆಯೊಂದರ ಕಾರ್ ಶೆಡ್ಡು. ಕಾರು ಹೊರಗೆ ನಿಂತಿದೆ, ಒಳಗೆ ಸಮುದ್ರಕ್ಕಿಳಿಯುವ ಕಯಾಕ್ ಮಲಗಿದೆ. ಉದ್ದ 5 ಮೀಟರ್ ಮೀರಿದೆ, ಅಗಲ 60 ಸೆಂಟಿಮೀಟರ್ ಕೂಡ ಇಲ್ಲ. ಮಾರುವವರು ಅದರಡಿಗೆ ಫೋಮ್ ತುಂಡುಗಳನ್ನು ಸರಿಸಿ, "ಕೂತ್ಕೊಳ್ಳಿ ಸಾರ್. ಅರ್ಧ ಗಂಟೆ ಏಳ್ಬೇಡಿ" ಅನ್ನುತ್ತಾರೆ.

ಕಾಲು ಚಾಚಿ ಒಳಗೆ ಜಾರುತ್ತೀರಿ. ಸೊಂಟದ ಎರಡೂ ಬದಿ ಅಂಗೈ ತೂರಿಸುತ್ತೀರಿ. ಬೆರಳು ಇಳಿಯಬೇಕು, ಮುಷ್ಟಿ ಇಳಿಯಬಾರದು. ಸಡಿಲವಾದರೆ ಫೋಮ್ ಅಂಟಿಸಿಕೊಳ್ಳಬಹುದು, ಬಿಗಿಯಾದರೆ ಆ ದೋಣಿಯ ಆಸೆ ಬಿಡಬೇಕು. ಪಾದ ಮುಂದಿನ ಪೆಡಲಿಗೆ ತಾಗಿದೆ, ಮಂಡಿ ಕೊಂಚ ಮಡಿಚಿ ಹೊರಕ್ಕೆ ವಾಲಿದೆ, ತೊಡೆ ಡೆಕ್ಕಿನ ಒಳಬದಿಗೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಎಡಗಾಲು ಜೋಮು ಹಿಡಿಯುತ್ತದೆ. ಪೆಡಲನ್ನು ಒಂದು ಹಲ್ಲು ಮುಂದಕ್ಕೆ ಸರಿಸಿ, ತೊಡೆಯಡಿ ಮಡಿಚಿದ ಟವೆಲ್ ಇಡುತ್ತೀರಿ. ಕಾಲಿಗೆ ಮತ್ತೆ ಜೀವ ಬರುತ್ತದೆ. ನಡುನೀರಿನಲ್ಲಿ ಎದ್ದು ಕಾಲು ಕೊಡವಲು ಜಾಗವಿಲ್ಲ, ಹಾಗಾಗಿ ಈ ಅರ್ಧ ಗಂಟೆ ಮುಖ್ಯ.

ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ ಕಯಾಕ್ ಕಟ್ಟುತ್ತಿದ್ದರು. ಕಮರ್ಷಿಯಲ್ ಸ್ಟ್ರೀಟಿನ ದರ್ಜಿಯ ಹಾಗೆ, ಕೂರುವವನ ಮೈಯಳತೆಯೇ ಅವರಿಗೆ ಆಧಾರ: ಉದ್ದಕ್ಕೆ ಸುಮಾರು ಮೂರು ಮಾರು, ಅಗಲಕ್ಕೆ ಸೊಂಟದಳತೆಯ ಮೇಲೆ ಎರಡು ಮುಷ್ಟಿ. ಅಚ್ಚಿನಲ್ಲಿ ತಯಾರಾದ ದೋಣಿ ಕೊಳ್ಳುವ ನಾವು ಆ ಅಳತೆಯನ್ನು ಶೆಡ್ಡಿನಲ್ಲಿ ಕೂತೇ ತೆಗೆದುಕೊಳ್ಳಬೇಕು.

ಇನ್ನು ನೀರಿನಲ್ಲಿ ಪರೀಕ್ಷೆ. ಹಲಸೂರು ಕೆರೆ ಹತ್ತಿರದಲ್ಲೇ ಇದೆ. ಆದರೆ ಈ ಪರೀಕ್ಷೆಯಲ್ಲಿ ಮಗುಚಿ ಮುಳುಗುವುದೂ ಸೇರಿದೆ. 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ತೇಲಿದ ಕೆರೆಯಲ್ಲಿ ತಲೆ ಅದ್ದುವ ಮಾತಿಲ್ಲ. ಅಲೆಯೂ ಬೇಕು, ಗಾಳಿಯೂ ಬೇಕು.

ಮರುದಿನ ಬೆಳಕು ಹರಿಯುವ ಮೊದಲೇ ದೋಣಿ ಕಾರಿನ ಮೇಲೇರುತ್ತದೆ, ಬಾಲಕ್ಕೆ ಕೆಂಪು ಬಟ್ಟೆ. ಹಳೆ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ, ಕೋಲಾರ, ಮುಳಬಾಗಿಲು. ಮಧ್ಯಾಹ್ನಕ್ಕೆ ಚೆನ್ನೈ ದಕ್ಷಿಣದ ಮುಟ್ಟುಕಾಡಿನ ಹಿನ್ನೀರು.

ಲೈಫ್ ಜಾಕೆಟ್ ಬಿಗಿದು ಕೂರುತ್ತೀರಿ. ದೋಣಿ ಅತ್ತಿತ್ತ ತುಯ್ಯುತ್ತದೆ, ಎದೆ ಝಲ್ಲೆನ್ನುತ್ತದೆ. "ಭಯ ಬೀಳ್ಬೇಡಿ, ಒಂದು ಕಡೆ ವಾಲಿಸಿ ನೋಡಿ" ಎಂದು ಜೊತೆಗೆ ಬಂದ ಮಾರುವವರು ಪಕ್ಕದ ದೋಣಿಯಿಂದ ಕೂಗುತ್ತಾರೆ. ಬಲಮಂಡಿ ಎತ್ತಿ ಎಡಕ್ಕೆ ವಾಲಿಸುತ್ತೀರಿ. ಅಂಚು ನೀರಿಗೆ ತಾಗುವ ಹೊತ್ತಿಗೆ ದೋಣಿ ಗಟ್ಟಿಯಾಗಿ ನಿಲ್ಲುತ್ತದೆ. ನಂಬಬೇಕಾದದ್ದು ನೆಟ್ಟಗಿದ್ದಾಗಿನ ಮೊದಲ ಭದ್ರತೆಯನ್ನಲ್ಲ, ವಾಲಿದಾಗ ಸಿಗುವ ಈ ಎರಡನೆಯ ಭದ್ರತೆಯನ್ನು. ಚಪ್ಪಟೆ ತಳದ ಅಗಲ ದೋಣಿ ನಿಂತ ನೀರಿನಲ್ಲಿ ಅಲುಗದು, ಆದರೆ ಅಲೆ ಓರೆಯಾದರೆ ತಾನೂ ಓರೆಯಾಗುತ್ತದೆ.

ದಕ್ಷಿಣಕ್ಕೆ ಹುಟ್ಟು ಹಾಕುತ್ತೀರಿ. ಕಡಲಗಾಳಿ ಎಡಕೆನ್ನೆಗೆ ಬಡಿಯುತ್ತಿದೆ, ಮೂತಿ ತಾನಾಗಿ ಗಾಳಿಯತ್ತ ಎಡಕ್ಕೆ ತಿರುಗುತ್ತದೆ. ಪಕ್ಕದ ಗುಂಡಿ ಸರಿಸಿದರೆ ಹಿಂಭಾಗದಡಿ ಸ್ಕೆಗ್ ಎಂಬ ಪುಟ್ಟ ರೆಕ್ಕೆ ಇಳಿಯುತ್ತದೆ. ಹಿಂಭಾಗ ನೀರನ್ನು ಹಿಡಿಯುತ್ತದೆ, ಮೂತಿ ನೇರವಾಗುತ್ತದೆ. ಪೂರ್ತಿ ಇಳಿಸಿ, ಅರ್ಧ ಎತ್ತಿ, ಮತ್ತೆ ಇಳಿಸಿ ನೋಡುತ್ತೀರಿ. ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಕೊನೆಯದು ಬಾಕಿ. ಉಸಿರು ಹಿಡಿದು ಪಕ್ಕಕ್ಕೆ ಉರುಳುತ್ತೀರಿ. ತಲೆಕೆಳಗು, ಮೂಗಿಗೆ ಉಪ್ಪುನೀರು. ಸೊಂಟದ ಸುತ್ತ ದೋಣಿಯ ಬಾಯಿ ಮುಚ್ಚುವ ಸ್ಪ್ರೇ ಸ್ಕರ್ಟಿನ ಕುಣಿಕೆ ಕೈಗೆ ಸಿಗುತ್ತದೆ. ಎಳೆಯುತ್ತೀರಿ, ಮಂಡಿ ಎಲ್ಲೂ ತಡೆಯದೆ ಮೈ ಹೊರಬರುತ್ತದೆ. ಹಿಡಿದು ಕೂರಿಸಿದ ದೋಣಿ, ಬೇಕಾದಾಗ ಬಿಟ್ಟೂಕೊಟ್ಟಿತು. ಎರಡನ್ನೂ ಮಾಡದ ದೋಣಿಗೆ ಎಷ್ಟೇ ಕಡಿಮೆ ದರವಿದ್ದರೂ ದುಡ್ಡು ಕೊಡಬಾರದು.

ತಲೆ ಒರೆಸಿಕೊಳ್ಳುತ್ತಾ ದಡ ಹತ್ತಿ ಹೇಳುತ್ತೀರಿ: "ಈಗ ರೇಟ್ ಹೇಳಿ ಸಾರ್."