ದಂಡಿನ ಲಾರಿಯ ವಾರಸುದಾರರು

ಶಿವಮೊಗ್ಗೆಯಿಂದ ಶಿಕಾರಿಪುರದ ಮಾರ್ಗವಾಗಿ ಸೊರಬಕ್ಕೆ ಹೊರಟ ಪ್ರವಾಸಿಗೆ ಬಸ್ಸಿನ ಕಿಟಕಿಯೇ ಭೂಗೋಳದ ಪಾಠ ಹೇಳುತ್ತದೆ. ಶಿಕಾರಿಪುರದ ಸುತ್ತಮುತ್ತ ಕೆರೆ, ಗದ್ದೆ, ಮೆಕ್ಕೆಜೋಳದ ಹೊಲ. ಕಣ್ಣು ಹಾಯುವಷ್ಟು ದೂರ ತೆರೆದ ಬಯಲು. ಊರಿನ ಹುಚ್ಚರಾಯಸ್ವಾಮಿಗೆ ಕೈಮುಗಿಯದೆ ಮುಂದೆ ಹೋಗುವ ಚಾಲಕರು ವಿರಳ. ಶಿರಾಳಕೊಪ್ಪದ ಸಂತೆಯ ಗದ್ದಲವನ್ನು ಹಿಂದೆ ಬಿಟ್ಟ ಮೇಲೆ ನೆಲ ಏರಿಳಿಯತೊಡಗುತ್ತದೆ. ತಗ್ಗುಗಳಲ್ಲಿ ಅಡಕೆಯ ತೋಟಗಳು ತಲೆದೋರುತ್ತವೆ. ದಂಡಾವತಿಯ ತೀರದ ಸೊರಬ ಸಿಕ್ಕುವ ಹೊತ್ತಿಗೆ ಗಾಳಿಯ ವಾಸನೆಯೇ ಬೇರೆಯಾಗಿರುತ್ತದೆ.

ಈ ದಾರಿಯಲ್ಲಿ ನೋಡತಕ್ಕ ಸ್ಥಳಗಳೇನು ಕಡಮೆಯಲ್ಲ. ಕದಂಬರ ಶಾಸನವುಳ್ಳ ತಾಳಗುಂದ, ಅಲ್ಲಮನ ಬಳ್ಳಿಗಾವೆ, ಅಕ್ಕನ ಉಡುತಡಿ, ರೇಣುಕಾಂಬೆಯ ಚಂದ್ರಗುತ್ತಿ, ಇವನ್ನೆಲ್ಲ ಪ್ರವಾಸದ ಕೈಪಿಡಿಗಳು ಹೇಳುತ್ತವೆ. ಯಾವ ಕೈಪಿಡಿಯೂ ಹೇಳದ ಒಂದು ವಸ್ತು ಸೊರಬದ ಸಮೀಪದ ತೋಟವೊಂದರ ತಗಡಿನ ಮಾಡಿನಡಿ ನಿಂತಿದೆ. ಅದೊಂದು ಹಳೆಯ ಮಿಲಿಟರಿ ಲಾರಿ. ಅದನ್ನು ನೋಡಲು ಬಂದವರು ಪರಸ್ಪರ ಒಪ್ಪಿದ್ದೇ ಇಲ್ಲ.

ಮೊದಲ ನೋಟಕ್ಕೆ ಅದರ ಮೂತಿಯನ್ನು ಯಾರೋ ಕೊಡಲಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಇಂಜಿನ್ನಿನ ಹೆಚ್ಚಿನ ಭಾಗ ಚಾಲಕನ ಪಕ್ಕದಲ್ಲಿಯೇ ಅಡಗಿರುವುದರಿಂದ ಮುಂಭಾಗ ಗಿಡ್ಡ. ಮುಂಗಾಜಂತೂ ಇತರ ಲಾರಿಗಳಂತೆ ಹಿಂದಕ್ಕೆ ಒರಗದೆ, ಮೇಲ್ತುದಿಯಲ್ಲಿ ಮುಂದಕ್ಕೆ ಬಾಗಿದೆ. ಬಿಸಿಲು ಗಾಜಿಗೆ ತಾಕಿ ಮೇಲಕ್ಕೆ ಮಿಂಚಿದರೆ ವೈರಿಯ ವಿಮಾನಕ್ಕೆ ಸುಳಿವು ಸಿಕ್ಕೀತೆಂದು ಮಾಡಿದ ಉಪಾಯ ಅದು. ಸೊರಬದ ಆಕಾಶದಲ್ಲಿ ಅಂಥ ವಿಮಾನ ಎಂದೂ ಹಾರಲಿಲ್ಲ. ಗಾಜು ಮಾತ್ರ ಇಂದಿಗೂ ಬಾಗಿಕೊಂಡೇ ಇದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ದೇಶ ಎಂಟು ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ತಯಾರಿಸಿತು. ಫೋರ್ಡ್ ಮತ್ತು ಷೆವರ್ಲೆ ಕಂಪನಿಗಳೆರಡೂ ಒಂದೇ ನಕ್ಷೆಯಂತೆ ಕಟ್ಟಿದ ಈ ಮೊಂಡುಮೂತಿಯ ಲಾರಿಗಳು ಆಫ್ರಿಕದ ಮರಳಿಗೂ ಬರ್ಮಾದ ಕೆಸರಿಗೂ ಹೋದವು. 1945ರಲ್ಲಿ ಯುದ್ಧ ಮುಗಿದಾಗ ಭಾರತದಲ್ಲಿ ಉಳಿದವುಗಳಿಗೆ ಕೆಲಸವಿಲ್ಲದಾಯಿತು. ಸರಕಾರ ಅವುಗಳನ್ನು ಹರಾಜಿಗೆ ಇಟ್ಟಿತು. ‘ಡಿಸ್ಪೋಸಲ್ ಮಾಲು’ ಎಂಬ ಮಾತು ಜನರ ಬಾಯಿಗೆ ಬಂದದ್ದು ಆಗಲೇ. ಕೊಂಡವರಲ್ಲಿ ಕೆಲವರು ಬಸ್ಸು ಕಟ್ಟಿದರು, ಕೆಲವರು ಬಿಡಿಭಾಗ ಮಾರಿದರು. ಮಲೆನಾಡಿನ ನಾಟಾ ಗುತ್ತಿಗೆದಾರರಿಗೆ ಬೇಕಾದದ್ದು ಬೇರೆಯೇ ಗುಣ: ನಾಲ್ಕು ಚಕ್ರಗಳಿಗೂ ಇಂಜಿನ್ನಿನ ಬಲ ಹಂಚುವ ಗೇರು. ಹಿಂದಿನ ಚಕ್ರ ಕೆಸರಿನಲ್ಲಿ ಹೂತು ಸುತ್ತಿದರೂ ಮುಂದಿನ ಚಕ್ರ ನೆಲ ಕಚ್ಚಿ ಎಳೆದೀತು. ರಸ್ತೆಯೇ ಇಲ್ಲದ ಕಾಡಿನಿಂದ ಮತ್ತಿ, ನಂದಿ, ಹೊನ್ನೆಯ ದಿಮ್ಮಿಗಳನ್ನು ಹೊರತರುವವನಿಗೆ ಇದಕ್ಕಿಂತ ಹೆಚ್ಚಿನ ವರ ಯಾವುದು?

ಸೊರಬದ ಲಾರಿಯೂ ಹಾಗೆಯೇ ಕಾಡು ಸೇರಿತು. ಈಗಿನ ಯಜಮಾನರ ತಂದೆ ಅದನ್ನು ಗುತ್ತಿಗೆದಾರನೊಬ್ಬನಿಂದ ಕೊಂಡವರು. ಪೆಟ್ರೋಲು ಕುಡಿದು ಮನೆ ತೊಳೆಯುತ್ತದೆಂದು ಮೂಲ ಇಂಜಿನ್ನನ್ನು ತೆಗೆಸಿ ಪರ್ಕಿನ್ಸ್ ಡೀಸೆಲ್ ಇಂಜಿನ್ನನ್ನು ಕೂರಿಸಿದರು. ಹಿಂಭಾಗದ ಸೇನೆಯ ಪೆಟ್ಟಿಗೆಯನ್ನು ಕಿತ್ತು, ದಿಮ್ಮಿ ಹೊರುವ ಚೌಕಟ್ಟನ್ನು ಕಟ್ಟಿಸಿದರು. ತುಕ್ಕು ತಿಂದ ಬಾಗಿಲುಗಳ ಜಾಗದಲ್ಲಿ ಮರದ ಬಾಗಿಲುಗಳು ಬಂದವು. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರಿನಲ್ಲಿ ಮರಗೆಲಸಕ್ಕೇನು ಬರ! ಕೊನೆಗೆ ಲಾರಿಯ ಹಣೆಯ ಮೇಲೆ ಹಳದಿ ಬಣ್ಣದಲ್ಲಿ ‘ಶ್ರೀ ರೇಣುಕಾಂಬಾ ಪ್ರಸನ್ನ’ ಎಂದು ಬರೆಸಿದರು. ಕಾಡಿನ ಕೆಲಸ ನಿಂತುಹೋದ ಮೇಲೆ ಲಾರಿ ಮಾಡಿನಡಿ ನಿಂತಿತು. ತಂದೆ ತೀರಿಕೊಂಡರು. ಮಗನಿಗೆ ಈಗ ಆ ಜಾಗದಲ್ಲಿ ಅಡಕೆ ಸುಲಿಯುವ ಯಂತ್ರ ಇಡಬೇಕಾಗಿದೆ. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾನೆ.

ಸುದ್ದಿ ಹೇಗೋ ಬೆಂಗಳೂರಿಗೆ ಮುಟ್ಟಿತು. ಹಳೆಯ ವಾಹನಗಳ ಹುಚ್ಚಿನ ತರುಣ ಇಂಜಿನಿಯರರೊಬ್ಬರು ಗುಜರಿಯವನಿಗಿಂತ ನಾಲ್ಕು ಪಟ್ಟು ಬೆಲೆ ಕೊಡುವೆನೆಂದು ಬಂದಿಳಿದರು. ಅವರ ವಾದ ನೇರವಾದದ್ದು. ಸೇನೆಯ ವಾಹನವನ್ನು ಸೇನೆ ಬಿಟ್ಟುಕೊಟ್ಟ ದಿನದ ರೂಪಕ್ಕೆ ತರಬೇಕು. ಷೆವರ್ಲೆಯ ಆರು ಸಿಲಿಂಡರಿನ ಇಂಜಿನ್ನನ್ನು ಎಲ್ಲಿಂದಲಾದರೂ ಹುಡುಕಿ ಕೂರಿಸಬೇಕು. ಮರದ ಬಾಗಿಲು, ದಿಮ್ಮಿಯ ಚೌಕಟ್ಟು, ಹಳದಿ ಅಕ್ಷರ ಯಾವುದೂ ಉಳಿಯಕೂಡದು.

ಇದನ್ನು ಕೇಳುತ್ತ ನಿಂತಿದ್ದವರು, ಹುಡುಗನಾಗಿದ್ದಾಗಿನಿಂದ ಆ ಲಾರಿಯ ಕೆಳಗೇ ಮಲಗಿ ಕೆಲಸ ಕಲಿತ ವೃದ್ಧ ಮೇಸ್ತ್ರಿ.

“ಸ್ವಾಮಿ, ಇದು ದಂಡಿನಲ್ಲಿ ಇದ್ದದ್ದು ಎಷ್ಟು ವರ್ಷ?”

“ಮೂರೋ ನಾಲ್ಕೋ ಇರಬಹುದು, ಮೇಸ್ತ್ರಿಗಳೇ.”

“ನಮ್ಮ ಕಾಡಿನಲ್ಲಿ ದುಡಿದದ್ದು ನಲವತ್ತು ವರ್ಷ. ನಾಲ್ಕು ವರ್ಷದ್ದು ನಿಜ, ನಲವತ್ತು ವರ್ಷದ್ದು ಸುಳ್ಳು ಅಂತ ಹ್ಯಾಗೆ ಹೇಳ್ತೀರಿ?”

ಪ್ರಶ್ನೆಗೆ ಉತ್ತರ ಬರಲಿಲ್ಲ. ಸಂಗ್ರಾಹಕರ ಬಳಗದಲ್ಲಿ ಇದು ಎಲ್ಲೆಡೆಯೂ ಇರುವ ಜಗಳ. ಮೇಸ್ತ್ರಿ ಅದನ್ನು ಯಾವ ಪುಸ್ತಕವನ್ನೂ ಓದದೆ ಹೇಳಿದರು, ಅಷ್ಟೇ.

ಅಲ್ಲಿಗೆ ಬಂದಿದ್ದ ನಿವೃತ್ತ ಹವಲ್ದಾರರೊಬ್ಬರ ನೋವು ಬೇರೆ. ಬೆಂಗಳೂರಿನಲ್ಲಿ ತರಬೇತಿ ಪಡೆದು, 1971ರ ಯುದ್ಧದಲ್ಲಿ ‘ಶಕ್ತಿಮಾನ್’ ಓಡಿಸಿದವರು ಅವರು. ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಗಿಯಿಂದ ಜಬಲ್ಪುರದಲ್ಲಿ 1959ರಿಂದ 1996ರ ತನಕ ತಯಾರಾದ ಆ ಲಾರಿ ನಮ್ಮ ಸೇನೆಯ ಬೆನ್ನೆಲುಬಾಗಿತ್ತು. ಪರದೇಶದ ಲಾರಿಗೆ ನಾಲ್ಕು ಪಟ್ಟು ಬೆಲೆ, ನಮ್ಮ ಶಕ್ತಿಮಾನಿಗೆ ಗುಜರಿಯ ತಕ್ಕಡಿಯೇ ಎಂಬುದು ಅವರ ಕೇಳಿಕೆ. ಅದರ ಜತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ಸೈನಿಕರು ಕುಳಿತು ಗಡಿಗೆ ಹೋದ ಗಾಡಿ ಶ್ರೀಮಂತರ ಮದುವೆಯ ಮೆರವಣಿಗೆಗೆ ಆಟಿಗೆಯಾಗಬಾರದು; ಅದರ ಜಾಗ ಮ್ಯೂಸಿಯಂ. ಈ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಹರಾಜಾದ ಲಾರಿಗಳನ್ನೆಲ್ಲ ಇರಿಸಿಕೊಳ್ಳುವಷ್ಟು ಅಂಗಳ ಯಾವ ಮ್ಯೂಸಿಯಮ್ಮಿಗಿದೆ? ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸೊಗಸಾದ ಸಂಗ್ರಹವಿದೆ. ಕಾರಿಗೆ ಸಿಕ್ಕ ಆ ಆದರ ಲಾರಿಗೆ ಸಿಕ್ಕುವುದು ಅಪರೂಪ.

ಯಜಮಾನರ ಅಕ್ಕನನ್ನು ಕೊಟ್ಟದ್ದು ಶಿರಸಿಯ ಕಡೆಗೆ. ಅಲ್ಲಿನ ಸಾಲ್ಕಣಿಯ ಕಾಡಿನಲ್ಲಿ 1983ರ ಸೆಪ್ಟೆಂಬರ್ 8ರಂದು ಜನ ಮರಗಳನ್ನು ತಬ್ಬಿ ನಿಂತು ಕೊಡಲಿಯನ್ನು ತಡೆದರು. ‘ಅಪ್ಪಿಕೋ’ ಚಳವಳಿ ಹುಟ್ಟಿದ್ದು ಹಾಗೆ. ಆಕೆಗೆ ಈ ಲಾರಿಯ ಮೇಲೆ ಕಿಂಚಿತ್ತೂ ಮೋಹವಿಲ್ಲ. “ಒಂದು ಕಾಡನ್ನೇ ನುಂಗಿದ ಗಾಡಿ ಇದು. ತೂಕಕ್ಕೆ ಹಾಕು, ತಮ್ಮಾ” ಎಂದುಬಿಟ್ಟರು. ತಂದೆಯ ನೆನಪಿನ ವಸ್ತುವಲ್ಲವೆ ಎಂದು ಯಾರೋ ಕೇಳಿದ್ದಕ್ಕೆ, ನೆನಪು ತನಗೂ ಇದೆ, ಅದಕ್ಕೆಂದೇ ಹೇಳುತ್ತಿದ್ದೇನೆ ಎಂದರಂತೆ.

ಶಿಕಾರಿಪುರದ ಸೀಮೆಯಲ್ಲಿ ‘ದಂಡು’ ಎಂಬ ಶಬ್ದಕ್ಕೆ ಮತ್ತೊಂದು ಅರ್ಥಛಾಯೆಯೂ ಉಂಟೆಂಬುದನ್ನು ಮರೆಯುವಂತಿಲ್ಲ. 1942ರಲ್ಲಿ ತನ್ನನ್ನು ತಾನು ಸ್ವತಂತ್ರವೆಂದು ಸಾರಿಕೊಂಡ ಈಸೂರು ಈ ತಾಲೂಕಿನದೇ. ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಕೊಲೆಯಾದ ಬಳಿಕ ಊರಿನ ಮೇಲೆ ಪೊಲೀಸರೂ ಸೈನಿಕರೂ ಬಂದೆರಗಿದರು. 1943ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಕೆನಡಾದ ಕಾರ್ಖಾನೆಗಳಲ್ಲಿ ಇಂಥ ಲಾರಿಗಳು ಸಾಲುಸಾಲಾಗಿ ಹೊರಬೀಳುತ್ತಿದ್ದ ವರ್ಷವೇ ಅದು. ಹಸಿರು ಬಣ್ಣದ ಸೇನಾ ವಾಹನವನ್ನು ಕಂಡು ಎಲ್ಲರ ಎದೆಯೂ ಒಂದೇ ರೀತಿ ಉಬ್ಬುವುದಿಲ್ಲ.

ಆ ಬಣ್ಣದ ವಿಚಾರದಲ್ಲಂತೂ ಕಾನೂನೇ ತರುಣ ಇಂಜಿನಿಯರರಿಗೆ ಅಡ್ಡಬರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೇನೆಯ ಆಲಿವ್ ಹಸಿರು ಬಣ್ಣವನ್ನು ಖಾಸಗಿ ಮೋಟಾರು ವಾಹನಕ್ಕೆ ಬಳಿಯುವಂತಿಲ್ಲ. 2021ರಲ್ಲಿ ಸರಕಾರ ಐವತ್ತು ವರ್ಷ ಮೀರಿದ ಪುರಾತನ ವಾಹನಗಳಿಗೆ ‘ವಿ.ಎ.’ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತಾದರೂ, ಅದು ದ್ವಿಚಕ್ರಿಗಳಿಗೂ ಜನ ಕೂರುವ ಕಾರುಗಳಿಗೂ ಸಂಬಂಧಿಸಿದ್ದು. ಅಲ್ಲಿಯೂ ವಾಹನ ತನ್ನ ಮೂಲರೂಪದಲ್ಲಿಯೇ ಇರಬೇಕೆಂಬ ಕಟ್ಟಳೆ. ಹಳೆಯ ಜೀಪು ಆ ಬಾಗಿಲಿನಲ್ಲಿ ನುಸುಳಬಹುದೇನೋ. ಸರಕು ಹೊತ್ತ ಲಾರಿಗೆ ಅಲ್ಲಿ ಎಡೆಯಿಲ್ಲ. ಹೀಗಾಗಿ, ಬಣ್ಣ ಬಳಿದರೆ ರಸ್ತೆಗಿಳಿಸಲಾಗದು, ಬಳಿಯದಿದ್ದರೆ ಮೂಲರೂಪವಾಗದು. ಇಂಜಿನಿಯರರು ಇದನ್ನು ಬಲ್ಲರು. ತಮ್ಮ ಆವರಣದೊಳಗೇ ಇಟ್ಟುಕೊಳ್ಳುವೆನೆಂದರು.

ಸೊರಬದ ಸೀಮೆ ವೀರಗಲ್ಲುಗಳ ತವರು. ತುರು ಕಾಯುತ್ತ, ಊರು ಕಾಯುತ್ತ ಮಡಿದವರ ಕಲ್ಲುಗಳು ಗದ್ದೆಯ ಬದುವಿನಲ್ಲಿಯೂ ಕೆರೆಯ ಏರಿಯಲ್ಲಿಯೂ ನಿಂತಿವೆ. ಕೆಲವಕ್ಕೆ ಎಣ್ಣೆ ಕುಂಕುಮದ ಪೂಜೆ. ಕೆಲವಕ್ಕೆ ದನ ಮೈಯುಜ್ಜುತ್ತದೆ. ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಂಥ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅಲ್ಲಿ ಅವು ಸುರಕ್ಷಿತ, ಚೊಕ್ಕಟ. ಎಣ್ಣೆ ಹಾಕುವವರು ಮಾತ್ರ ಇಲ್ಲ. ಯಾವುದು ಮೇಲೆಂಬ ಚರ್ಚೆ ಕಲ್ಲಿನ ಪಂಡಿತರಲ್ಲಿಯೇ ಮುಗಿದಿಲ್ಲ. ಲಾರಿಯ ವಿಷಯದಲ್ಲಿ ಇಷ್ಟು ಬೇಗ ಮುಗಿಯುವುದೆಂತು?

ಯಜಮಾನರು ಕೊನೆಗೆ ಬೆಂಗಳೂರಿನವರಿಗೇ ಕೊಡಲು ಮನಸ್ಸು ಮಾಡಿದರು. ಚೌಕಟ್ಟು ಹೋಗಲಿ, ಪರ್ಕಿನ್ಸೂ ಹೋಗಲಿ. ಒಂದೇ ಕರಾರು: ಅಪ್ಪಯ್ಯ ಬರೆಸಿದ ತಾಯಿಯ ಹೆಸರನ್ನು ಅಳಿಸಕೂಡದು. ಇಂಜಿನಿಯರರು ಲಾರಿಯ ಹಣೆಯನ್ನೇ ಬಹಳ ಹೊತ್ತು ನೋಡಿದರು. ಸುಳ್ಳು ಹೇಳಿ ಒಪ್ಪಿಕೊಳ್ಳುವುದು ಸುಲಭವಿತ್ತು. ಹಾಗೆ ಮಾಡದಿದ್ದುದು ಅವರ ದೊಡ್ಡತನ. ಆಯುಧಪೂಜೆ ಕಳೆದ ಮೇಲೆ ತಿಳಿಸುವೆನೆಂದು ಹೇಳಿ, ಬಿಸಿಬಿಸಿ ಕಷಾಯ ಕುಡಿದು ಹೊರಟುಹೋದರು.

ಆಯುಧಪೂಜೆಯ ದಿನ ಮೇಸ್ತ್ರಿಯೇ ಬಂದು ಲಾರಿಯನ್ನು ತೊಳೆದರು. ಚೆಂಡುಹೂವಿನ ಸರ ಬಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು. ಮನೆಯ ಹುಡುಗರೂ ತೋಟದ ಆಳುಗಳೂ ಹೆಗಲು ಕೊಟ್ಟು ತಳ್ಳಿ, ಹಣ್ಣು ಒಡೆಯುವಷ್ಟು ದೂರ ಸರಿಸಿ, ಮತ್ತೆ ಮಾಡಿನಡಿಯಲ್ಲಿಯೇ ನಿಲ್ಲಿಸಿದರು.